ಬಾಪು ಕುಟಿಯ ಗೋಡೆ ಮೆತ್ತುವವರು

ಸೇವಾಗ್ರಾಮಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಗಾಂಧೀಜಿ ಇದ್ದ ಮನೆಯನ್ನು ಅವರು ಬಿಟ್ಟುಹೋದ ಹಾಗೆಯೇ ಇಟ್ಟಿದ್ದಾರೆ ಎನ್ನುವುದು ಒಂದು. ಎಂಥ ಸರಳತೆ ಎನ್ನುವುದು ಇನ್ನೊಂದು. ಪಠ್ಯಪುಸ್ತಕಗಳು, ಪ್ರವಾಸ ಲೇಖನಗಳು, ಅಕ್ಟೋಬರ್ 2ರ ಭಾಷಣಗಳು ಈ ಎರಡನ್ನೇ ಹಿಂದುಮುಂದು ಮಾಡಿ ಹೇಳಿಕೊಂಡು ಬಂದಿವೆ. ಎರಡೂ ತಪ್ಪು. ಬಾಪು ಕುಟಿ ಇದ್ದ ಹಾಗೆ ಇಲ್ಲ; ಇದ್ದ ಹಾಗೆ ಬಿಟ್ಟಿದ್ದರೆ ಎಷ್ಟೋ ಮಳೆಗಾಲಗಳ ಹಿಂದೆಯೇ ಮಣ್ಣುಗುಡ್ಡೆಯಾಗಿರುತ್ತಿತ್ತು. ಅದು ಸರಳವೂ ಅಲ್ಲ. ನೋಡಲು ಸರಳ, ಇಟ್ಟುಕೊಳ್ಳಲು ಬಲು ಕಷ್ಟದ ಮನೆ. ಈ ಎರಡು ಭ್ರಮೆಗಳನ್ನು ನೆಚ್ಚಿಕೊಂಡೇ ನಾವು ಹಳ್ಳಿಗಾಡಿನ ಹಳೆಯ ಮನೆಗಳನ್ನು ಉಳಿಸಲು ಹೊರಡುತ್ತೇವೆ, ಉಳಿಸುವ ಹೆಸರಿನಲ್ಲೇ ಕಳೆದುಕೊಳ್ಳುತ್ತೇವೆ.

ಮೊದಲು ಮನೆಯ ಕಥೆ. 1930ರ ಮಾರ್ಚ್ 12ರಂದು ದಂಡಿಗೆ ಹೊರಟ ಗಾಂಧೀಜಿ ಸ್ವರಾಜ್ಯ ಸಿಗುವ ತನಕ ಸಾಬರಮತಿಗೆ ಮರಳುವುದಿಲ್ಲ ಎಂದಿದ್ದರು. 1933ರಲ್ಲಿ ಆ ಆಶ್ರಮವನ್ನೇ ವಿಸರ್ಜಿಸಿದರು. ಉದ್ಯಮಿ ಜಮನಾಲಾಲ್ ಬಜಾಜರ ಒತ್ತಾಯದ ಮೇಲೆ ವರ್ಧಾಕ್ಕೆ ಬಂದವರು, 1936ರ ಏಪ್ರಿಲ್ 30ರಂದು ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಆಚೆಯ ಸೇಗಾಂವ್ ಎಂಬ ಹಳ್ಳಿಗೆ ಹೋದರು. ದಲಿತರೇ ಹೆಚ್ಚಾಗಿದ್ದ ಊರು. ಬಹುಪಾಲು ಜಮೀನು ಬಜಾಜರದು. ಅಲ್ಲಿ ನೆಲೆಯೂರುವ ಮೊದಲೇ, ಮೇ ತಿಂಗಳಲ್ಲಿ, ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನಂದಿಬೆಟ್ಟಕ್ಕೆ ಬಂದರು. ಅವರು ನಂದಿಯ ತಂಪಿನಲ್ಲಿದ್ದಾಗ ವಿದರ್ಭದ ಉರಿಬಿಸಿಲಿನಲ್ಲಿ ಅವರಿಗಾಗಿ ಮನೆ ಏಳುತ್ತಿತ್ತು. ಜೂನ್ 16ರಂದು ಮಳೆಯಲ್ಲಿ ನೆನೆಯುತ್ತ ನಡೆದು ಸೇಗಾಂವ್ ಸೇರಿದಾಗ ಆದಿ ನಿವಾಸ ಸಿದ್ಧವಾಗಿತ್ತು. ಒಂದೇ ದೊಡ್ಡ ಕೋಣೆಯ ಆ ಮನೆಯಲ್ಲಿ ಗಾಂಧೀಜಿ, ಕಸ್ತೂರಬಾ, ಕಾರ್ಯದರ್ಶಿ ಪ್ಯಾರೇಲಾಲ್, ಖಾನ್ ಅಬ್ದುಲ್ ಗಫಾರ್ ಖಾನ್, ಬಂದುಹೋಗುವ ಅತಿಥಿಗಳು ಎಲ್ಲರೂ ಇದ್ದರು.

ಈಗ ಬಾಪು ಕುಟಿ ಎಂದು ಲೋಕಪ್ರಸಿದ್ಧವಾಗಿರುವುದು ಆದಿ ನಿವಾಸ ಅಲ್ಲ. ಅದು ಮೀರಾಬೆನ್ ತಮಗಾಗಿ ಕಟ್ಟಿಕೊಂಡ ಮನೆ. ಬ್ರಿಟಿಷ್ ನೌಕಾಪಡೆಯ ಅಧಿಕಾರಿಯ ಮಗಳು ಮ್ಯಾಡಲೀನ್ ಸ್ಲೇಡ್, 1925ರಲ್ಲಿ ಸಾಬರಮತಿಗೆ ಬಂದು ಮೀರಾ ಆದವರು. ಗೋಡೆಯ ಹಸಿಮಣ್ಣಿನಲ್ಲಿ ತಾಳೆಮರ, ಚರಕ, ಓಂಕಾರಗಳನ್ನು ಉಬ್ಬಿ ಕಾಣುವಂತೆ ತಿದ್ದಿದ್ದು ಅವರದೇ ಕೈ. ಆಮೇಲೆ ಅದನ್ನು ಹಿಗ್ಗಿಸಿ ಗಾಂಧೀಜಿಗೆ ಬಿಟ್ಟುಕೊಟ್ಟರು. ಸೇಗಾಂವ್ 1940ರಲ್ಲಿ ಸೇವಾಗ್ರಾಮವಾಯಿತು. ಗಾಂಧೀಜಿ ಅಲ್ಲಿನ ಆಶ್ರಮದಲ್ಲಿ ಕೊನೆಯದಾಗಿ ಉಳಿದದ್ದೂ ಬಾಪು ಕುಟಿಯಲ್ಲಲ್ಲ. ಬಜಾಜರು ತಮಗಾಗಿ ಕಟ್ಟಿಸಿಕೊಂಡಿದ್ದ, ಈಗ ಆಖ್ರೀ ನಿವಾಸ ಎನ್ನುವ ಮನೆಯಲ್ಲಿ. 1946ರ ಆಗಸ್ಟ್ 25ರಂದು ಹೊರಟವರು ಮತ್ತೆ ಮರಳಲಿಲ್ಲ.

ಅಂದರೆ ನಾವು ಗಾಂಧೀಜಿಯ ಮನೆ ಎಂದು ಕೈಮುಗಿಯುವುದು ಒಬ್ಬ ಹೆಂಗಸಿನ ಕಲ್ಪನೆ ಮತ್ತು ಹೆಸರಿಲ್ಲದ ಹಳ್ಳಿಗರ ಕೈಗೆಲಸ. ಹೀಗೆ ಹೇಳಿ ಗಾಂಧಿಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಯಾರದ್ದೆಂದು ತಿಳಿಯದೆ ಯಾವುದನ್ನು ಉಳಿಸಬೇಕೆಂದು ತಿಳಿಯುವುದಿಲ್ಲ. ಮನೆ ಗಾಂಧಿಯದ್ದೆಂದುಕೊಂಡರೆ ಅವರು ಕೂತ ಚಾಪೆ, ಬರೆದ ಮೇಜು, ಮೆಟ್ಟಿದ ಚಪ್ಪಲಿ ಉಳಿದರೆ ಸಾಕಾಗುತ್ತದೆ. ಕಟ್ಟಿದವರದ್ದೂ ಎಂದುಕೊಂಡರೆ ಕಟ್ಟುವ ವಿದ್ಯೆ ಉಳಿಯಬೇಕಾಗುತ್ತದೆ. ಗಾಂಧೀಜಿಯ ಕನ್ನಡಕ ಸೇವಾಗ್ರಾಮದಿಂದ ಕಳುವಾಗಿದೆ ಎಂಬ ಸುದ್ದಿ 2011ರಲ್ಲಿ ಹೊರಬಿದ್ದಾಗ ದೇಶವೆಲ್ಲ ಹೌಹಾರಿತು. ಅದೇ ದೇಶದಲ್ಲಿ ಮಣ್ಣಿನ ಗೋಡೆ ಕಟ್ಟಬಲ್ಲವರು ಊರೂರಿನಲ್ಲಿ ಇಲ್ಲವಾಗುತ್ತಿರುವುದು ಯಾವ ಪತ್ರಿಕೆಯ ಮುಖಪುಟಕ್ಕೂ ಬರಲಿಲ್ಲ.

ವರ್ಧಾದ ಸುತ್ತಮುತ್ತಲದು ಕಪ್ಪು ಎರೆಮಣ್ಣಿನ ಸೀಮೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಬೆನ್ನಿಗೇ ಜೋರು ಮಳೆ. ಮಣ್ಣಿನ ಗೋಡೆಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಬೇಕು. ಆದ್ದರಿಂದಲೇ ಜಿಗುಟು ಮಣ್ಣಿಗೆ ಬಿರುಕು ತಡೆಯಲು ಗರಸು ಅಥವಾ ಮರಳು, ಹಿಡಿತಕ್ಕೆ ಹೊಟ್ಟು ಹುಲ್ಲು, ಮೇಲ್ಮೈಗೆ ಸಗಣಿ ಬಗ್ಗಡ ಎಂದು ಹದ ಮಾಡುತ್ತಾರೆ. ಇಷ್ಟೆಲ್ಲ ಮಾಡಿದರೂ ಒಂದು ಮಳೆಗಾಲ ಹೊರಗಿನ ಪದರವನ್ನು ತಿಂದೇ ತಿನ್ನುತ್ತದೆ. ಮಳೆ ತಿಂದದ್ದನ್ನು ಮತ್ತೆ ಮೆತ್ತಬೇಕು, ಮಂಗ ಜಾರಿಸಿದ ಹಂಚನ್ನು ಕೈಯಾಡಿಸಬೇಕು, ಗೆದ್ದಲು ಹಿಡಿದ ಬಿದಿರು ಕಿತ್ತು ಹೊಸದು ಕಟ್ಟಬೇಕು, ನೆಲ ಸಾರಿಸಬೇಕು. ಬಾಪು ಕುಟಿ ಇಂದಿಗೂ ನಿಂತಿರುವುದು ಈ ಕೆಲಸ ನಿಲ್ಲದೆ ನಡೆದಿರುವುದರಿಂದ. ಹಾಗಾದರೆ ಮೀರಾಬೆನ್ ಮುಟ್ಟಿದ ಮಣ್ಣು ಅಲ್ಲಿ ಎಷ್ಟು ಉಳಿದಿದೆ? ಪ್ರಶ್ನೆಯೇ ತಪ್ಪು. ಮುಟ್ಟಿದ ಮಣ್ಣನ್ನೇ ಉಳಿಸಬೇಕೆಂದು ಹೊರಟಿದ್ದರೆ ಮನೆ ಉಳಿಯುತ್ತಿರಲಿಲ್ಲ.

ನಮ್ಮ ಬಯಲುಸೀಮೆಯ ಮೇಲ್ಮುದ್ದೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗೆ ಮುಂಚೆ ಮಾಳಿಗೆಗೆ ಚೌಳುಮಣ್ಣು ಹಾಕಿ ದಮ್ಮಸು ಮಾಡದಿದ್ದರೆ ಜಂತಿ ಸೋರುತ್ತದೆ, ಸೋರಿದ ಜಂತಿ ಎರಡು ಮೂರು ವರ್ಷದಲ್ಲಿ ಮುರಿಯುತ್ತದೆ. ಮಲೆನಾಡಿನವರು ವರ್ಷವರ್ಷ ಹಂಚು ಕೈಯಾಡಿಸುವುದೂ ಇದಕ್ಕೇ. ಮನೆ ಎನ್ನುವುದು ಅವರಿಗೆ ಮುಗಿಸಿ ಕೈತೊಳೆದುಕೊಂಡ ವಸ್ತುವಾಗಿರಲಿಲ್ಲ. ಮುಂಗಾರಿಗೊಮ್ಮೆ ಬರುವ ಬೇಸಾಯದ ಕೆಲಸಗಳ ಪಟ್ಟಿಯಲ್ಲಿ ಅದೂ ಒಂದಾಗಿತ್ತು.

ಇದು ನಮ್ಮಲ್ಲಿ ಮಾತ್ರವಲ್ಲ. ಆಫ್ರಿಕದ ಮಾಲಿ ದೇಶದ ಜೆನ್ನೆ ಎಂಬ ಊರಿನಲ್ಲಿ 1907ರಲ್ಲಿ ಮತ್ತೆ ಕಟ್ಟಿದ ಮಣ್ಣಿನ ಮಸೀದಿಯೊಂದಿದೆ. ಗೋಡೆಯಿಂದ ಹೊರಚಾಚಿದ ತಾಳೆಮರದ ತೊಲೆತುಂಡುಗಳನ್ನು ನೋಡಿ ಅಲಂಕಾರವೆಂದುಕೊಳ್ಳುವವರೇ ಹೆಚ್ಚು. ಅವು ಮೆತ್ತುವವರು ಹತ್ತಿ ನಿಲ್ಲಲು ಇಟ್ಟ ಅಟ್ಟಣೆ ಕೂಡ. ಅಂದರೆ ಕಟ್ಟಿದ ದಿನವೇ ಮುಂದಿನ ದುರಸ್ತಿಯನ್ನು ಗೋಡೆಯೊಳಗೆ ನೆಟ್ಟಿದ್ದರು. ಗಾರೆಯವರ ಸಂಘದ ಮುಂದಾಳುತನದಲ್ಲಿ ಊರಿಗೆ ಊರೇ ಸೇರಿ ವರ್ಷಕ್ಕೊಮ್ಮೆ ಹಬ್ಬದ ಹಾಗೆ ಅದಕ್ಕೆ ಮಣ್ಣು ಮೆತ್ತುತ್ತದೆ. 1988ರಲ್ಲಿ ಆ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಮೇಲೆ ಅಲ್ಲಿನ ಮನೆಗಳವರು ತಮ್ಮ ಕೋಣೆಗಳನ್ನು ಬೇಕಾದ ಹಾಗೆ ಬದಲಿಸಿಕೊಳ್ಳಲಾಗದೆ ಗೊಣಗತೊಡಗಿದರು. ಮಸೀದಿ ಊರಿನವರ ಕೈಯಲ್ಲಿ ಬದುಕಿದೆ. ಮನೆಗಳು ನಿಯಮದ ಕೈಗೆ ಸಿಕ್ಕಿ ಇರುಸುಮುರುಸಾಗಿವೆ. ಒಂದೇ ಊರಿನಲ್ಲಿ ಸಂರಕ್ಷಣೆಯ ಎರಡು ಅರ್ಥಗಳು ಎದುರುಬದುರು ನಿಂತಿವೆ.

ನಿಲ್ಲದ ದುರಸ್ತಿಯೇ ಸಂರಕ್ಷಣೆ ಎನ್ನುವುದು ಪೂರ್ವದೇಶದವರ ವಿಚಿತ್ರ ನಂಬಿಕೆ, ಪಶ್ಚಿಮದ ಶಾಸ್ತ್ರ ಬೇರೆ ಎಂದು ಕೆಲವರು ವಾದಿಸುವುದುಂಟು. ಅದೂ ನಿಜವಲ್ಲ. ವಿಲಿಯಂ ಮಾರಿಸ್ 1877ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಹೇಳಿದ್ದು, ಜೀರ್ಣೋದ್ಧಾರದ ಭರಾಟೆ ಬೇಡ, ದಿನದಿನದ ಆರೈಕೆ ಸಾಕು ಎಂದೇ. 1964ರ ವೆನಿಸ್ ಸನ್ನದು ಕೂಡ ಬಿಡದೆ ನಡೆಯುವ ನಿರ್ವಹಣೆಯೇ ಸಂರಕ್ಷಣೆಯ ಮೊದಲ ಹೆಜ್ಜೆ ಎಂದು ಒಪ್ಪುತ್ತದೆ. 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು, ಅಸಲಿತನವನ್ನು ವಸ್ತುವಿನಲ್ಲಿ ಮಾತ್ರ ಹುಡುಕಬಾರದು, ಕಟ್ಟುವ ಕ್ರಮದಲ್ಲೂ ಬಳಕೆಯಲ್ಲೂ ಹುಡುಕಬೇಕು ಎಂದರು. ಶಾಸ್ತ್ರ ತಿಳಿದವರು ಇಷ್ಟು ಹಿಂದೆಯೇ ಬಿಟ್ಟ ನಂಬಿಕೆಯನ್ನು ಇನ್ನೂ ಹಿಡಿದುಕೊಂಡಿರುವುದು ಟೆಂಡರು ಕರೆಯುವ ಇಲಾಖೆಗಳು ಮತ್ತು ಫಲಕ ಅನಾವರಣ ಮಾಡುವ ಗಣ್ಯರು. ಅವರಿಗೆ ಕಾಮಗಾರಿಗೆ ಆರಂಭ ಬೇಕು, ಮುಕ್ತಾಯ ಬೇಕು. ಮೆತ್ತುವ ಕೆಲಸಕ್ಕೆ ಮುಕ್ತಾಯವಿಲ್ಲ.

ಇನ್ನು ಸರಳತೆಯ ಮಾತು. 1978ರಲ್ಲಿ ಸೇವಾಗ್ರಾಮಕ್ಕೆ ಬಂದಿದ್ದ ಚಿಂತಕ ಇವಾನ್ ಇಲಿಚ್ ಈ ಗುಡಿಸಲಿನ ಸಂದೇಶವನ್ನು ಕುರಿತು ಮಾಡಿದ ಭಾಷಣ ಜಗತ್ತಿನಲ್ಲೆಲ್ಲ ಓಡಾಡಿದೆ. ಸಾಮಾನು ಪೇರಿಸಿಡುವ ಮನೆಗಳಿಗೂ ಮನುಷ್ಯ ಬಾಳುವ ಇಂಥ ಮನೆಗೂ ಇರುವ ಅಂತರವನ್ನು ಅವರು ಚೆನ್ನಾಗಿ ಕಂಡಿದ್ದರು. ಆದರೆ ಅವರ ಹಿಂದೆ ಬಂದವರು ಆ ಮಾತನ್ನು ಬಡತನದ ಸ್ತೋತ್ರ ಮಾಡಿಬಿಟ್ಟರು. ಬಾಪು ಕುಟಿ ಬಡತನದ ಮನೆಯಲ್ಲ. ಒಳಗೆ ಕಾರ್ಯದರ್ಶಿಗಳಿಗೆ ಜಾಗವಿದೆ, ರೋಗಿಗಳಿಗೆ ಕೋಣೆಯಿದೆ, ಕಮೋಡಿಟ್ಟ ಪಾಯಖಾನೆಯಿದೆ, ಅಲ್ಲೇ ಪತ್ರಿಕೆ ಇಡಲು ವ್ಯವಸ್ಥೆಯಿದೆ. ಆಶ್ರಮಕ್ಕೆ ವೈಸರಾಯ್ ಲಿನ್‌ಲಿಥ್‌ಗೋ ಹಾಕಿಸಿಕೊಟ್ಟ ದೂರವಾಣಿ ಇತ್ತು. ಗಾಂಧಿಯನ್ನು ಬಡತನದಲ್ಲಿಡಲು ಎಷ್ಟೊಂದು ಖರ್ಚಾಗುತ್ತದೆಂದು ಸರೋಜಿನಿ ನಾಯ್ಡು ಚೇಷ್ಟೆ ಮಾಡಿದ್ದರೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮನೆಗೆ ಬಿದ್ದ ಹಣ ಕಡಿಮೆ ಇದ್ದೀತು. ಬಜಾಜರ ಜಮೀನು, ಆಶ್ರಮವಾಸಿಗಳ ಬಿಟ್ಟಿ ದುಡಿಮೆ, ದಿನಕ್ಕೊಮ್ಮೆ ನೆಲ ಗುಡಿಸಿ ವಾರಕ್ಕೊಮ್ಮೆ ಸಾರಿಸುವ ಕೈಗಳು ಆ ಲೆಕ್ಕದ ಪುಸ್ತಕಕ್ಕೆ ಹತ್ತಿಲ್ಲ.

ಆ ಸರಳತೆಗೆ ಬೆಲೆ ತೆತ್ತವರೂ ಇದ್ದರು. 1936ರ ಮಳೆಗಾಲ ಕಳೆಯುವಷ್ಟರಲ್ಲಿ ಗಾಂಧೀಜಿಯೇ ಮಲೇರಿಯಾ ಹಿಡಿದು ವರ್ಧಾದ ಆಸ್ಪತ್ರೆ ಸೇರಿದರು. ಹಾವುಗಳ ಕಾಟಕ್ಕೆ ಅವನ್ನು ಹಿಡಿಯುವ ಇಕ್ಕಳ ಮತ್ತು ಪಂಜರ ಮಾಡಿಸಬೇಕಾಯಿತು. ಆಶ್ರಮದಲ್ಲಿ ಅವು ಇಂದಿಗೂ ನೋಡಸಿಗುತ್ತವೆ. ಗಂಡಸರೇ ತುಂಬಿದ್ದ ಒಂದೇ ಕೋಣೆಯ ಮನೆಯಲ್ಲಿ ಕಸ್ತೂರಬಾರಿಗೆ ಬಟ್ಟೆ ಬದಲಿಸಲೂ ಮರೆ ಇರಲಿಲ್ಲ. ಅದನ್ನು ಗಮನಿಸಿ ಬಜಾಜರು ಅವರಿಗಾಗಿ ಬೇರೆ ಮನೆ ಕಟ್ಟಿಸಿದರು. ಅದೇ ಈಗಿನ ಬಾ ಕುಟಿ. ಸಂದೇಶ ಹುಡುಕಿ ಬರುವವರು ಬಾಪು ಕುಟಿಯ ಮುಂದೆ ಕಣ್ಣುಮುಚ್ಚಿ ಕೂರುತ್ತಾರೆ. ಬಾ ಕುಟಿ ಯಾಕೆ ಬೇಕಾಯಿತೆಂದು ಕೇಳುವವರು ಕಡಿಮೆ.

ಸೇಗಾಂವ್‌ನ ದಲಿತರಿಗಂತೂ ಮಣ್ಣಿನ ಮನೆ ಆರಿಸಿಕೊಂಡ ವ್ರತವಾಗಿರಲಿಲ್ಲ. ಬೇರೆ ದಾರಿ ಇರಲಿಲ್ಲ. ಹಳ್ಳಿಯೆಂದರೆ ಸಂಕುಚಿತತೆಯ ಕೊಳೆಗುಂಡಿ ಎಂಬರ್ಥದಲ್ಲಿ ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಗುಡುಗಿದ್ದನ್ನು ಮರೆತು ಹಳ್ಳಿಮನೆಯ ಗುಣಗಾನ ಮಾಡುವುದು ಅಪ್ರಾಮಾಣಿಕತೆ. ಮನೆಯ ಚೆಂದ ಒಬ್ಬರಿಗೆ, ಸಗಣಿ ಬಾಚುವ ಕೆಲಸ ಇನ್ನೊಬ್ಬರಿಗೆ ಎಂಬ ಹಂಚಿಕೆಯನ್ನೂ ಪರಂಪರೆಯೆಂದು ಉಳಿಸಿಕೊಳ್ಳಬೇಕೆ? ಬೇಡ. ಆದರೆ ಆ ಕೆಲಸವನ್ನು ಮರೆಮಾಚುವುದು ಇದಕ್ಕೆ ಪರಿಹಾರವಲ್ಲ. ಅದನ್ನು ಕುಶಲ ವೃತ್ತಿಯೆಂದು ಒಪ್ಪಿ, ಕುಶಲ ಕೆಲಸಗಾರರ ಕೂಲಿ ಕೊಟ್ಟು, ಮಾಡಿದವರ ಹೆಸರು ಬರೆದಿಡುವುದು ಪರಿಹಾರ. ಜಾತಿಯ ಕಟ್ಟಳೆಯಿಂದ ಬಿಡಿಸಿ ಕಲಿಸುವುದು ಪರಿಹಾರ.

ಸರ್ಕಾರದ ಇಬ್ಬಂದಿತನ ಇಲ್ಲೇ ಬಯಲಾಗುತ್ತದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ವಂಚಿತ ಕುಟುಂಬಗಳನ್ನು ಗುರುತಿಸಲು ಇಟ್ಟ ಮೊದಲ ಗುರುತು ಕಚ್ಚಾ ಗೋಡೆ, ಕಚ್ಚಾ ಸೂರಿನ ಒಂದೇ ಕೋಣೆಯ ಮನೆ. 2016ರಲ್ಲಿ ಶುರುವಾದ ಗ್ರಾಮೀಣ ವಸತಿ ಯೋಜನೆ ಅದೇ ಪಟ್ಟಿಯನ್ನು ಹಿಡಿದು, ಬಯಲು ಪ್ರದೇಶದ ಪ್ರತಿ ಮನೆಗೆ 1.20 ಲಕ್ಷ ರೂಪಾಯಿ ಕೊಟ್ಟು ಕಚ್ಚಾ ಮನೆಗಳನ್ನು ಪಕ್ಕಾ ಮಾಡಲು ಹೊರಟಿತು. ಸೋರುವ ಸೂರಿನ ಕೆಳಗಿದ್ದವರಿಗೆ ಅದು ದೊಡ್ಡ ಆಸರೆ. ಅದನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದೇ ಮಣ್ಣಿನ ಗೋಡೆ ಆಶ್ರಮದ ಬೇಲಿಯೊಳಗೆ ರಾಷ್ಟ್ರದ ಆಸ್ತಿ, ಬೇಲಿಯಾಚೆ ಕೊರತೆಯ ಗುರುತು ಎಂದಾದಾಗ ಏನಾಗುತ್ತದೆ? ಸುತ್ತಲ ಹತ್ತು ಹಳ್ಳಿಗಳಲ್ಲಿ ಮಣ್ಣಿನ ಮನೆ ಇಲ್ಲದಾದರೆ ಮಣ್ಣಿನ ಹದ ಬಲ್ಲವರಿಗೆ ವರ್ಷದಲ್ಲಿ ಒಂದು ಆಶ್ರಮದ ಕೆಲಸ ಬಿಟ್ಟು ಬೇರೆ ಕೆಲಸವಿಲ್ಲ. ಕುಂಬಾರರು ಕೈಹಂಚು ಸುಡುವುದಿಲ್ಲ. ಬಿದಿರಿನವರು ಬೇರೆ ಕಸುಬು ನೋಡಿಕೊಳ್ಳುತ್ತಾರೆ. ಆಮೇಲೆ ಬಾಪು ಕುಟಿಯನ್ನು ದುರಸ್ತಿ ಮಾಡಲು ದೂರದ ಊರಿನ ಗುತ್ತಿಗೆದಾರ ಸಿಮೆಂಟಿನ ಚೀಲದೊಂದಿಗೆ ಬರುತ್ತಾನೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹಾಕಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಹೊರಗಿನಿಂದ ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತದೆ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ. ವಸ್ತು ಬದಲಾಗಬಹುದು ಎಂದು ಒಮ್ಮೆ ಒಪ್ಪಿದರೆ ತಡೆ ಎಲ್ಲಿ? ಇವತ್ತು ಬಿದಿರು, ನಾಳೆ ಕಬ್ಬಿಣದ ಕೊಳವೆ, ನಾಡಿದ್ದು ಮಣ್ಣಿನ ಬಣ್ಣ ಬಳಿದ ಕಾಂಕ್ರೀಟು. ಎಲ್ಲಕ್ಕೂ ದುರಸ್ತಿಯ ಹೆಸರು. ಅದಕ್ಕಿಂತ ಇದ್ದುದನ್ನು ರಾಸಾಯನಿಕ ಬಳಿದು, ಗಾಜು ಹಾಕಿ, ಮುಟ್ಟದೆ ಕಾಯುವುದೇ ವಾಸಿ ಎನ್ನುತ್ತಾರೆ. ಭಯ ನ್ಯಾಯವಾದದ್ದೇ, ಮದ್ದು ತಪ್ಪು. ದುರಸ್ತಿಗೂ ಕಟ್ಟುಪಾಡು ಹಾಕಬಹುದು. ಗೋಡೆಯ ಅಳತೆ, ಸೂರಿನ ಇಳಿಜಾರು, ಮಣ್ಣು ತರುವ ಜಾಗ, ಬೆರಕೆಯ ಪ್ರಮಾಣ, ಮಾಡಬೇಕಾದ ಕಾಲ, ಮಾಡಬಲ್ಲವರ ತರಬೇತಿ ಇವನ್ನೆಲ್ಲ ಬರೆದಿಟ್ಟು, ಪ್ರತಿ ವರ್ಷ ಏನು ತೆಗೆದೆವು ಏನು ಹಾಕಿದೆವು ಎಂದು ದಾಖಲಿಸಬಹುದು. ಸೇವಾಗ್ರಾಮದಲ್ಲಿ ಮನೆ ಕಟ್ಟುವಾಗ ಸುತ್ತಮುತ್ತ ಸಿಗುವ ಸಾಮಗ್ರಿಯನ್ನೇ ಬಳಸಬೇಕು, ಊರಿನವರೇ ಕಟ್ಟಬೇಕು, ಖರ್ಚು ಮಿತಿ ಮೀರಬಾರದು ಎಂದು ಗಾಂಧೀಜಿ ಹಾಕಿದ್ದ ಷರತ್ತು ಅಂಥದೇ ಕಟ್ಟುಪಾಡು. ಆ ಷರತ್ತೇ ಆ ಮನೆಯ ಅಸಲಿತನ. ಅದನ್ನು ಮುರಿದು ಉಳಿಸಿದ ಗೋಡೆ, ಹಳೆಯ ಮಣ್ಣಿನದೇ ಆಗಿದ್ದರೂ, ಬಾಪು ಕುಟಿಯ ಗೋಡೆಯಲ್ಲ.

ಇನ್ನೊಂದು ಕಡೆ ಸಾಬರಮತಿಯನ್ನು ನೋಡಿ. ಸುಮಾರು 1,200 ಕೋಟಿ ರೂಪಾಯಿಯಲ್ಲಿ ಆಶ್ರಮದ ಆವರಣವನ್ನು 55 ಎಕರೆಗೆ ಹಿಗ್ಗಿಸುವ ಯೋಜನೆಗೆ 2024ರ ಮಾರ್ಚ್ 12ರಂದು ಚಾಲನೆ ಸಿಕ್ಕಿತು. ಅದಕ್ಕೂ ಮುಂಚೆ 2021ರಲ್ಲಿ ದೇಶದ ನೂರಕ್ಕೂ ಹೆಚ್ಚು ಗಣ್ಯರು ಇದನ್ನು ವಿರೋಧಿಸಿ ಹೇಳಿಕೆ ಕೊಟ್ಟಿದ್ದರು. ಹಳೆಯ ಕಟ್ಟಡಗಳನ್ನು ಮೊದಲಿದ್ದ ರೂಪಕ್ಕೆ ತರುತ್ತೇವೆ ಎಂಬುದು ಯೋಜನೆಯವರ ಸಮರ್ಥನೆ. ಕಟ್ಟಡಗಳು ಮೊದಲಿದ್ದ ರೂಪಕ್ಕೆ ಬಂದಾವು. ಆದರೆ ತಲೆಮಾರುಗಳಿಂದ ಆವರಣದಲ್ಲಿ ಬದುಕಿಕೊಂಡಿದ್ದ ಆಶ್ರಮ ಕುಟುಂಬಗಳನ್ನು ಪರಿಹಾರ ಕೊಟ್ಟು ಬೇರೆಡೆಗೆ ಕಳಿಸಲಾಯಿತು. ಮನೆ ಮೊದಲಿನಂತಾಗಲು ಮನೆಯವರು ಹೊರಗೆ ಹೋಗಬೇಕೆನ್ನುವುದಾದರೆ, ಅದು ಸಂರಕ್ಷಣೆಯ ಬಗ್ಗೆ ನಾವು ಏನೂ ಕಲಿತಿಲ್ಲ ಎಂಬುದಕ್ಕೆ ಸಾಕ್ಷಿ.

ಸಾವಿರ ಕೋಟಿಯ ಲೆಕ್ಕ ನಮ್ಮೂರಿನ ಹಳೆಯ ಮನೆಗಳಿಗೆ ದೂರದ ಮಾತು ನಿಜ. ಆದರೆ ಚಾಳಿ ಒಂದೇ. ಸಾಹಿತಿಯದೋ ಹೋರಾಟಗಾರರದೋ ಮನೆಯನ್ನು ಸ್ಮಾರಕವೆಂದು ಘೋಷಿಸುವುದು, ಒಮ್ಮೆ ಕೈತುಂಬ ಅನುದಾನ ಕೊಡುವುದು, ಹಂಚು ತೆಗೆದು ಹೊಸದು ಹೊದಿಸುವುದು, ಮಣ್ಣಿನ ನೆಲಕ್ಕೆ ನುಣುಪು ಟೈಲ್ಸ್ ಹಾಸುವುದು, ಉದ್ಘಾಟಿಸುವುದು, ಒಬ್ಬ ಕಾವಲುಗಾರನ ಕೈಗೆ ಬೀಗ ಕೊಡುವುದು. ಒಲೆ ಉರಿಯದ ಮನೆಯ ಸೂರಿಗೆ ಹೊಗೆ ತಾಕುವುದಿಲ್ಲ. ಹೊಗೆ ತಾಕದ ಮರ, ಬಿದಿರಿಗೆ ಹುಳು ಬೇಗ ಹಿಡಿಯುತ್ತದೆ. ಕಿಟಕಿ ತೆರೆಯದ ಕೋಣೆಗೆ ಬೂಷ್ಟು ಬರುತ್ತದೆ. ಹತ್ತು ವರ್ಷದಲ್ಲಿ ಮತ್ತೆ ಜೀರ್ಣೋದ್ಧಾರದ ಕಡತ ತೆರೆಯುತ್ತದೆ. ಅದೇ ಹಣವನ್ನು ಇಡುಗಂಟಾಗಿಟ್ಟು ವರ್ಷದ ಬಡ್ಡಿಯಲ್ಲಿ ಇಬ್ಬರು ಕುಶಲಿಗಳಿಗೆ ಕೂಲಿ ಕೊಟ್ಟಿದ್ದರೆ ಮನೆಯೂ ಉಳಿಯುತ್ತಿತ್ತು, ಕಸುಬೂ ಉಳಿಯುತ್ತಿತ್ತು. ಮನೆಯಲ್ಲಿ ಯಾರಾದರೂ ಬಾಳುವಂತಿದ್ದರೆ ಇನ್ನೂ ಒಳ್ಳೆಯದು. ಶಾಲೆಯೋ ಓದುಕೋಣೆಯೋ ನೇಕಾರರ ಮಗ್ಗವೋ ಇದ್ದರೂ ಸರಿ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ ನೂರು ವರ್ಷ ತುಂಬಿದ ಕಟ್ಟಡಗಳನ್ನಷ್ಟೇ ಪ್ರಾಚೀನ ಎನ್ನುತ್ತದೆ. ಆದಿ ನಿವಾಸಕ್ಕೆ ನೂರು ತುಂಬುವುದು 2036ರಲ್ಲಿ. ಇದುವರೆಗೆ ಆ ಕಾಯ್ದೆಯ ಹೊರಗಿದ್ದದ್ದು ಸೇವಾಗ್ರಾಮದ ಮನೆಗಳ ಅದೃಷ್ಟ. ಯಾರ ಅಪ್ಪಣೆಯನ್ನೂ ಕಾಯದೆ ಮಳೆಗೆ ಮುಂಚೆ ಮಣ್ಣು ಮೆತ್ತಿಕೊಳ್ಳಲು ಸಾಧ್ಯವಾಯಿತು. ನೂರರ ಸಂಭ್ರಮದಲ್ಲಿ ಅವನ್ನು ಸಂರಕ್ಷಿತ ಸ್ಮಾರಕ ಮಾಡಬೇಕೆಂಬ ಬೇಡಿಕೆ ಖಂಡಿತ ಏಳುತ್ತದೆ, ಕೋಟಿಗಳ ಯೋಜನೆಯೂ ಸಿದ್ಧವಾಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಎಷ್ಟು ಕೋಟಿ ಎಂಬುದಲ್ಲ. 2037ರ ಮೇ ತಿಂಗಳಲ್ಲಿ ಮಣ್ಣು ಕಲಸುವವರು ಯಾರು, ಅವರು ಯಾವ ಊರಿನವರು, ಯಾರಿಂದ ಕಲಿತರು, ದಿನಕ್ಕೆ ಎಷ್ಟು ಕೂಲಿ, ಉಳಿದ ಹನ್ನೊಂದು ತಿಂಗಳು ಅವರಿಗೆ ಅದೇ ವಿದ್ಯೆಯಲ್ಲಿ ಅನ್ನ ಹುಟ್ಟುತ್ತದೆಯೇ? ಇವಕ್ಕೆ ಉತ್ತರವಿಲ್ಲದ ಯೋಜನೆಯನ್ನು, ಅದರಲ್ಲಿ ಗಾಂಧೀಜಿಯ ಹೆಸರು ಎಷ್ಟು ಸಲ ಬಂದಿದ್ದರೂ, ತಿರಸ್ಕರಿಸುವುದೇ ಆ ಮನೆಗೆ ನಾವು ಮಾಡಬಹುದಾದ ಉಪಕಾರ.